ಸೋತು ಮರಳುವವರಿಗೆ ನಮ್ಮ ಮನೆಬಾಗಿಲು ತೆರೆದಿದೆಯೇ?

ಪರದೇಶಕ್ಕೆ ಹೋದವರ ಒಳ್ಳೆಯ ಸುದ್ದಿ ನಮ್ಮ ಧರ್ಮಕೇಂದ್ರಗಳಲ್ಲಿ ಬೇಗ ಹರಡುತ್ತದೆ. ಯಾರ ಮಗನಿಗೆ ಕೆನಡಾದ ವೀಸಾ ಬಂತು, ಯಾರ ಮಗಳು ಕುವೈತಿನ ಆಸ್ಪತ್ರೆಗೆ ನರ್ಸ್ ಆಗಿ ಸೇರಿದಳು ಎಂಬುದು ಭಾನುವಾರದ ಪೂಜೆ ಮುಗಿದು ಜನ ಅಂಗಳಕ್ಕೆ ಇಳಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಹೋದ ಕಡೆ ಕೆಲಸ ಸಿಗದವರ, ಸಿಕ್ಕ ಕೆಲಸ ಕಳೆದುಕೊಂಡವರ, ಮರಳಿ ಬರಲು ಮನಸ್ಸಿದ್ದರೂ ಹೆದರಿ ಅಲ್ಲೇ ಉಳಿದವರ ಸುದ್ದಿ ಯಾರ ಬಾಯಲ್ಲೂ ಬರುವುದಿಲ್ಲ. ಮನೆಯವರು ಹೇಳುವುದಿಲ್ಲ, ಎಷ್ಟೋ ಸಲ ಮನೆಯವರಿಗೇ ಅದು ಗೊತ್ತಿರುವುದಿಲ್ಲ.

ಕಳೆದ ಎರಡು ಮೂರು ವರ್ಷಗಳಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ದೇಶಗಳು ವಲಸೆ ನಿಯಮಗಳನ್ನು ಒಂದಾದ ಮೇಲೊಂದರಂತೆ ಬಿಗಿ ಮಾಡಿವೆ. ಆ ನಿಯಮಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಅವು ನಮ್ಮ ಕುಟುಂಬಗಳೊಳಗೆ ಹುಟ್ಟಿಸಿರುವ ಭಯದ ಬಗ್ಗೆ ಮಾತ್ರ ಚರ್ಚೆ ಕಡಿಮೆ. ಈ ಭಯವನ್ನು ಅರ್ಥ ಮಾಡಿಕೊಳ್ಳಲು ಕರಾವಳಿಯಿಂದ ಘಟ್ಟ ಹತ್ತಿ ಬೆಳಗಾವಿಯ ಉದ್ಯಮಬಾಗದವರೆಗೆ ಹೋಗಿ ಬರುವುದು ಒಳ್ಳೆಯದು.

ಉದ್ಯಮಬಾಗವೇ ಏಕೆ?

ಬೆಳಗಾವಿ ನಮಗೆ ಪರಸ್ಥಳವಲ್ಲ. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. 1976ರಲ್ಲಿ ಅದರಿಂದಲೇ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ದಕ್ಷಿಣ ಕನ್ನಡದ ಕುಪ್ಪೆಪದವಿನವರಾದ ಬರ್ನಾರ್ಡ್ ಮೊರಾಸ್ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗುವ ಮೊದಲು, 1996ರಿಂದ 2004ರವರೆಗೆ ಬೆಳಗಾವಿಯ ಬಿಷಪರಾಗಿದ್ದರು. ಯೇಸುಸಭೆಯವರ ಸೈಂಟ್ ಪಾಲ್ಸ್ ಹೈಸ್ಕೂಲು 1856ರಿಂದ ಅಲ್ಲಿ ನಡೆಯುತ್ತಿದೆ. ಖಾನಾಪುರ ತಾಲೂಕಿನಲ್ಲಿ ಕೊಂಕಣಿ ಮಾತಾಡುವ ಕಥೋಲಿಕ ಕುಟುಂಬಗಳಿವೆ. ಗೋವೆಗೆ ಹೋಗುವ ರಸ್ತೆಯೂ ರೈಲೂ ಆ ತಾಲೂಕಿನ ಮೂಲಕವೇ ಸಾಗುತ್ತವೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಉದ್ಯಮಬಾಗವಿದೆ. ಹೆಸರೇ ಹೇಳುವಂತೆ ಅದು ಕೈಗಾರಿಕೆಗಳ ಬಡಾವಣೆ. ಫೌಂಡ್ರಿಗಳು, ಹೈಡ್ರಾಲಿಕ್ ಯಂತ್ರ ತಯಾರಿಸುವ ಕಾರ್ಖಾನೆಗಳು, ನಾಲ್ಕೈದು ಲೇತ್ ಇಟ್ಟುಕೊಂಡ ಸಣ್ಣ ಶೆಡ್ಡುಗಳು ಅಲ್ಲಿವೆ. ವಾಹನಗಳಿಗೆ, ಪಂಪುಗಳಿಗೆ ಬೇಕಾದ ಎರಕದ ಭಾಗಗಳು ಇಲ್ಲಿಂದ ಹೊರಗಿನ ಊರುಗಳಿಗೆ ಹೋಗುತ್ತವೆ. ಅದೇ ಉದ್ಯಮಬಾಗದಲ್ಲಿ 1979ರಲ್ಲಿ ಆರಂಭವಾದ ಗೋಗಟೆ ಇಂಜಿನಿಯರಿಂಗ್ ಕಾಲೇಜು ಇದೆ. ಇನ್ನೂ ಸ್ವಲ್ಪ ಮುಂದೆ ಮಚ್ಛೆಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ.

ಹೀಗೆ ಒಂದೇ ರಸ್ತೆಯ ಮೇಲೆ ಎರಡು ಬಗೆಯ ವಲಸೆ ಕಾಣಸಿಗುತ್ತದೆ. ಒಂದು, ಒಳಗೆ ಬರುವ ವಲಸೆ. ಖಾನಾಪುರದ ಹಳ್ಳಿಗಳಿಂದ ಬೆಳಗಿನ ಬಸ್ಸಿನಲ್ಲೋ ಬೈಕಿನಲ್ಲೋ ಬರುವವರ ಜೊತೆಗೆ, ಉತ್ತರ ಪ್ರದೇಶ, ಬಿಹಾರ, ಒಡಿಶಾ ಮುಂತಾದ ರಾಜ್ಯಗಳ ಯುವಕರು ಫೌಂಡ್ರಿಗಳಲ್ಲಿ ದುಡಿಯುತ್ತಾರೆ. ಇನ್ನೊಂದು, ಹೊರಗೆ ಹೋಗುವ ವಲಸೆ. ಫಿಟ್ಟರ್ ಆಗಿಯೋ ಟರ್ನರ್ ಆಗಿಯೋ ದುಡಿದ ತಂದೆ ಮಗನನ್ನು ಇಂಜಿನಿಯರಿಂಗ್ ಓದಿಸುತ್ತಾನೆ. ಮಗ ಅಲ್ಲಿಂದ ಪುಣೆ, ಬೆಂಗಳೂರು, ಸಾಲ ಸಿಕ್ಕರೆ ಅಮೆರಿಕ ಅಥವಾ ಜರ್ಮನಿಯತ್ತ ಹೊರಡುತ್ತಾನೆ. ಓದು ಅಷ್ಟಿಲ್ಲದವರು ಗೋವೆಯ ಹೋಟೆಲು, ಕಾರ್ಖಾನೆಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಇವರ ಸಂಬಳಕ್ಕೂ ಓದಿಗೂ ಹೋಲಿಕೆಯೇ ಇಲ್ಲ. ಆದರೆ ಎರಡು ವಿಷಯ ಇಬ್ಬರಿಗೂ ಸಮಾನ. ಮನೆಯವರು ಇವರ ಮೇಲೆ ಹಣ ಹೂಡಿರುತ್ತಾರೆ. ಬರಿಗೈಯಲ್ಲಿ ಊರಿಗೆ ಹೋಗಲು ಇಬ್ಬರಿಗೂ ಮುಖವಿಲ್ಲ.

ಸಾಲದ ಲೆಕ್ಕ

ಈ ಭಯ ಬರೀ ಮನಸ್ಸಿನ ಕಲ್ಪನೆ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಅದಕ್ಕೆ ಗಟ್ಟಿ ಲೆಕ್ಕವಿದೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಭದ್ರತೆ ಕೇಳುವುದಿಲ್ಲ. 7.5 ಲಕ್ಷ ದಾಟಿದರೆ ಆಸ್ತಿಯ ಅಡಮಾನ ಬೇಕು. ಅಮೆರಿಕದಲ್ಲಿ ಎರಡು ವರ್ಷದ ಎಂ.ಎಸ್. ಓದಿಗೆ 40 ಲಕ್ಷ ರೂಪಾಯಿ ದೊಡ್ಡ ಮೊತ್ತವೇನಲ್ಲ. ಅಂದರೆ ಮನೆ ಅಥವಾ ಎನ್.ಎ. ಪ್ಲಾಟಿನ ಕಾಗದಪತ್ರ ಬ್ಯಾಂಕಿಗೆ ಹೋಗಲೇಬೇಕು. ಉದಾಹರಣೆಗೆ 40 ಲಕ್ಷ ಸಾಲ, ಶೇಕಡಾ 11 ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 55,000 ರೂಪಾಯಿ ಆಗುತ್ತದೆ. ಡಾಲರಿನಲ್ಲಿ ದುಡಿಯುವವನಿಗೆ ಇದು ಭಾರವಲ್ಲ. ಊರಿಗೆ ಮರಳಿ ಉದ್ಯಮಬಾಗದಲ್ಲೋ, ಹತ್ತರಗಿಯ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯದಲ್ಲೋ ಕೆಲಸಕ್ಕೆ ಸೇರುವ ಹೊಸ ಇಂಜಿನಿಯರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಂಬಳ ಈ ಕಂತಿಗೆ ಸಾಲುವುದಿಲ್ಲ.

ಫೌಂಡ್ರಿಯಲ್ಲಿ ದುಡಿಯಲು ದೂರದ ರಾಜ್ಯದಿಂದ ಬಂದವನ ಲೆಕ್ಕದಲ್ಲಿ ಸೊನ್ನೆಗಳು ಕಡಿಮೆ, ಆದರೆ ಲೆಕ್ಕ ಅದೇ. ಊರಿನಲ್ಲಿ ತಂಗಿಯ ಮದುವೆಗೆ ಮಾಡಿದ ಕೈಸಾಲ, ಗುತ್ತಿಗೆದಾರನಿಂದ ಪಡೆದ ಮುಂಗಡ, ತಿಂಗಳು ತಿಂಗಳು ಫೋನಿನಲ್ಲಿ ಮನೆಗೆ ಕಳಿಸಬೇಕಾದ ಹಣ. ವಾಹನಗಳ ಮಾರಾಟ ಇಳಿದರೆ ಫೌಂಡ್ರಿಗಳಿಗೆ ಆರ್ಡರ್ ಇಳಿಯುತ್ತದೆ. ಓವರ್‌ಟೈಮ್ ನಿಲ್ಲುತ್ತದೆ, ಪಾಳಿ ಕಡಿಮೆಯಾಗುತ್ತದೆ. 2019ರಲ್ಲಿ ದೇಶದ ವಾಹನೋದ್ಯಮ ಕುಸಿದಾಗ ಆದದ್ದು ಇದೇ. ಆ ಕುಸಿತಕ್ಕೂ ಕುಲುಮೆಯ ಮುಂದೆ ನಿಂತವನ ದುಡಿಮೆಗೂ ಸಂಬಂಧವಿಲ್ಲ. ಆದರೂ ಮನೆಗೆ ಹಣ ತಪ್ಪಿದ ತಿಂಗಳು ಉತ್ತರ ಕೊಡಬೇಕಾದವನು ಅವನೇ.

ವೀಸಾದ ಗಡಿಯಾರ

ಪರದೇಶಕ್ಕೆ ಹೋದವನಿಗೆ ಸಾಲದ ಜೊತೆಗೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಅಮೆರಿಕದಲ್ಲಿ ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡಲು ಅನುಮತಿಯಿದೆ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ ಎರಡು ವರ್ಷ ವಿಸ್ತರಣೆ ಸಿಗಬಹುದು. ಆದರೆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ಮುಂದೆ ಎಚ್-1ಬಿ ವೀಸಾ ಬೇಕೆಂದರೆ ವರ್ಷಕ್ಕೆ ಇರುವ 85,000 ಸ್ಥಾನಗಳಿಗೆ ಅದರ ಎಷ್ಟೋ ಪಟ್ಟು ಅರ್ಜಿದಾರರ ಪೈಪೋಟಿ. ಎಷ್ಟೇ ಜಾಣನಾದರೂ ಚೀಟಿ ಎತ್ತುವಾಗ ಅವನ ಹೆಸರು ಬರದೇ ಹೋಗಬಹುದು.

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶ ಹೊರಡಿಸಿದರು. ಅಮೆರಿಕದಲ್ಲೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಬಂದದ್ದು ಒಂದು ತಿಂಗಳ ನಂತರ. ಆ ಒಂದು ತಿಂಗಳು ಎಷ್ಟು ಮನೆಗಳಲ್ಲಿ ನಿದ್ದೆ ಹೋಗಿರಬಹುದೆಂದು ಊಹಿಸಿಕೊಳ್ಳಿ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಿಗೆಗಳ ಸಂಖ್ಯೆಗೆ ಮಿತಿ ಹಾಕಿತು. ವಿದ್ಯಾರ್ಥಿ ತನ್ನ ಬಳಿ ಇರುವುದಾಗಿ ತೋರಿಸಬೇಕಾದ ಜೀವನ ವೆಚ್ಚದ ಹಣವನ್ನು 10,000ದಿಂದ 20,635 ಕೆನಡಾ ಡಾಲರಿಗೆ ಏರಿಸಿತು. ಬ್ರಿಟನ್ ಅದೇ ತಿಂಗಳಿನಿಂದ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆದೊಯ್ಯುವುದನ್ನು ನಿಲ್ಲಿಸಿತು.

2021ರಲ್ಲೋ 2022ರಲ್ಲೋ ಮನೆಯವರು ಲೆಕ್ಕ ಹಾಕಿದಾಗ ಇವು ಯಾವುವೂ ಇರಲಿಲ್ಲ. ಆಟ ಅರ್ಧಕ್ಕೆ ಬಂದ ಮೇಲೆ ನಿಯಮ ಬದಲಾಗಿದೆ. ಸೋತವನು ಮಾತ್ರ ತಾನೇ ಆಟ ಬಾರದವನು ಎಂದು ತಿಳಿದುಕೊಳ್ಳುತ್ತಾನೆ.

ಎರಡನೆಯ ಪ್ರಶ್ನೆ

ಸಾಲ ಮತ್ತು ವೀಸಾ ಎರಡಕ್ಕೂ ಲೆಕ್ಕವಿದೆ, ಕಾಗದವಿದೆ, ವಿಚಾರಿಸಲು ಕಚೇರಿಗಳಿವೆ. ಮೂರನೆಯ ಹೊರೆಗೆ ಇವು ಯಾವುವೂ ಇಲ್ಲ. ಅದು ಮಾನದ ಹೊರೆ. ಅದನ್ನು ಹೊರಿಸುವವರು ನಾವೇ.

ಕರಾವಳಿಯಲ್ಲಿ ಪರವೂರಿನಿಂದ ಬಂದವರಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಯಾವಾಗ ಬಂದದ್ದು?" ಎಂದು. ಕೂಡಲೇ ಎರಡನೆಯದು: "ಪುನಃ ಯಾವಾಗ ಹೋಗುವುದು?" ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಕೆಲಸ ಕಳೆದುಕೊಂಡು ಬಂದವನಿಗೆ ಆ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲ. ಒಬ್ಬರಿಗೆ "ಎರಡು ತಿಂಗಳು ರಜೆ" ಎನ್ನುತ್ತಾನೆ, ಇನ್ನೊಬ್ಬರಿಗೆ "ಬೇರೆ ಕಂಪೆನಿ ನೋಡುತ್ತಿದ್ದೇನೆ" ಎನ್ನುತ್ತಾನೆ. ಮೂರನೆಯ ವಾರದಿಂದ ಪೂಜೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಟುಬಿಡುತ್ತಾನೆ. ಬೆಳಗಾವಿ ಕಡೆ ಅದೇ ಪ್ರಶ್ನೆ ಬೇರೆ ಧಾಟಿಯಲ್ಲಿ ಬರುತ್ತದೆ: "ಏನಪಾ ತಮ್ಮಾ, ಅಲ್ಲೇ ಸೆಟ್ಲ್ ಆದಿಯೇನು?"

ಹೆಣ್ಣುಮಕ್ಕಳ ಮೇಲಿನ ಹೊರೆ ಇನ್ನೊಂದು ತರಹದ್ದು. ನಮ್ಮ ಊರುಗಳ ಎಷ್ಟೋ ಮನೆಗಳ ತಾರಸಿ ನರ್ಸ್ ಮಗಳ ದುಡಿಮೆಯಲ್ಲಿ ನಿಂತಿದೆ. ತಮ್ಮನ ಓದು ಮುಗಿಯಲಿ, ತಂಗಿಯ ಮದುವೆ ಆಗಲಿ, ಮನೆಯ ಸಾಲ ತೀರಲಿ ಎಂದು ವರ್ಷ ವರ್ಷ ಅವಳ ಮರಳುವಿಕೆ ಮುಂದಕ್ಕೆ ಹೋಗುತ್ತದೆ. "ನನಗೆ ಸಾಕಾಗಿದೆ, ಬರುತ್ತೇನೆ" ಎಂದು ಅವಳು ಹೇಳಿದರೆ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಫೋನಿನ ಆ ಕಡೆ ಒಂದು ಕ್ಷಣ ಮೌನ, ಅಷ್ಟೇ. ಆ ಮೌನವೇ ಅವಳಿಗೆ ಉತ್ತರ.

1990 ಮತ್ತು 2020 ಕಲಿಸಿದ್ದು

ಮರಳಿ ಬರುವುದು ಯಾವಾಗಲೂ ಅವಮಾನವಾಗಿತ್ತೇ? ಇಲ್ಲ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ತಾಯ್ನಾಡಿಗೆ ಕರೆತಂದವು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ದುಡಿದದ್ದನ್ನೆಲ್ಲ ಬಿಟ್ಟು ಒಂದು ಚೀಲ ಹಿಡಿದು ಬಂದವರನ್ನು ಊರು ಅಪ್ಪಿಕೊಂಡಿತು. 2020ರ ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಇಳಿಯಿತು. ಅದರಲ್ಲೂ ಅದರ ನಂತರದ ವಿಮಾನಗಳಲ್ಲೂ ಕೆಲಸ ಕಳೆದುಕೊಂಡು ಬಂದವರಿದ್ದರು. ರೋಗದ ಭಯದಿಂದ ಕೆಲವರು ದೂರ ನಿಂತದ್ದು ನಿಜ, ಆದರೆ ಸೋತು ಬಂದರು ಎಂದು ಯಾರೂ ಆಡಿಕೊಳ್ಳಲಿಲ್ಲ. ಅದೇ ಮೇ ತಿಂಗಳಲ್ಲಿ ಶ್ರಮಿಕ್ ರೈಲುಗಳು ನಮ್ಮ ರಾಜ್ಯದಿಂದ ಉತ್ತರದ ಕಡೆ ಹೊರಟವು. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಬರಿಗೈಯಲ್ಲಿ ಊರು ಸೇರಿದರು. ಅವರಿಗೂ ಅವರ ಊರಿನಲ್ಲಿ "ಏನು ತಂದೆ?" ಎಂದು ಕೇಳುವ ಮನಸ್ಸು ಯಾರಿಗೂ ಇರಲಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಷ್ಟ ಆಗಲೂ ಅಷ್ಟೇ, ಈಗಲೂ ಅಷ್ಟೇ. ಸಾವಿರಾರು ಜನ ಒಟ್ಟಿಗೆ ಬಂದರೆ ಅದನ್ನು ವಿಪತ್ತು ಎನ್ನುತ್ತೇವೆ, ಒಬ್ಬನೇ ಬಂದರೆ ಸೋಲು ಎನ್ನುತ್ತೇವೆ. ಯುದ್ಧದಿಂದ ಕೆಲಸ ಹೋದವನಿಗೆ ಸಿಗುವ ಕರುಣೆ, ವೀಸಾ ನಿಯಮ ಬದಲಾಗಿ ಕೆಲಸ ಹೋದವನಿಗೆ ಸಿಗುವುದಿಲ್ಲ. ತಪ್ಪು ಇಬ್ಬರದ್ದೂ ಅಲ್ಲ. ಅವಮಾನ ಎಂಬುದು ನಷ್ಟದಲ್ಲಿ ಇಲ್ಲ, ಒಂಟಿಯಾಗಿ ಬರುವುದರಲ್ಲಿ ಇದೆ. ಹಾಗಿದ್ದರೆ ಅವನನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಕೈಯಲ್ಲೇ ಇದೆ.

ಇದು ಪ್ರಾಣದ ಪ್ರಶ್ನೆಯೂ ಹೌದು. ಐದು ವರ್ಷಗಳಲ್ಲಿ ವಿದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ತೀರಿಕೊಂಡಿದ್ದಾರೆ, ಅವರಲ್ಲಿ 172 ಮಂದಿ ಕೆನಡಾದಲ್ಲಿ ಎಂದು ಕೇಂದ್ರ ಸರಕಾರ 2024ರ ಜುಲೈಯಲ್ಲಿ ಲೋಕಸಭೆಗೆ ತಿಳಿಸಿತು. ಕಾಯಿಲೆ, ಅಪಘಾತ ಎಲ್ಲವೂ ಇದರಲ್ಲಿ ಸೇರಿದೆ. ಎಲ್ಲವನ್ನೂ ಭಯದ ಲೆಕ್ಕಕ್ಕೆ ಹಾಕುವುದು ತಪ್ಪು. ಆದರೆ ದೂರದ ಊರಿನಲ್ಲಿ ಕಷ್ಟವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವ ಮಕ್ಕಳ ಬಗ್ಗೆ ಯೋಚಿಸಲು ಈ ಸಂಖ್ಯೆ ಸಾಕು.

ನಮ್ಮ ಸಭೆಯ ಪಾಲು

ಇಲ್ಲಿ ಬೇರೆಯವರ ಕಡೆ ಬೆರಳು ತೋರಿಸಿ ಮುಗಿಸುವಂತಿಲ್ಲ. ಚರ್ಚ್ ಕಟ್ಟಡಕ್ಕೆ, ಸಭಾಭವನಕ್ಕೆ, ವಾರ್ಷಿಕ ಹಬ್ಬಕ್ಕೆ ಹಣ ಬೇಕಾದಾಗ ನಾವು ಮೊದಲು ನೆನೆಯುವುದು ಪರದೇಶದಲ್ಲಿರುವವರನ್ನು. ಅವರು ಉದಾರವಾಗಿ ಕೊಟ್ಟಿದ್ದಾರೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಫಲಕದ ಮೇಲೆ ಹೆಸರು ಬಂದವನು ಮುಂದಿನ ವರ್ಷ ಕೆಲಸವಿಲ್ಲದೆ ಬಂದರೆ ಅವನನ್ನು ವಿಚಾರಿಸಲು ನಮ್ಮಲ್ಲಿ ಯಾವ ಸಮಿತಿಯಿದೆ? ಕೊಡುವವನಾಗಿ ಅವನನ್ನು ಗುರುತಿಸಿದಷ್ಟು ಸುಲಭವಾಗಿ, ಬೇಡುವ ಸ್ಥಿತಿಯಲ್ಲಿರುವವನಾಗಿ ಗುರುತಿಸುತ್ತೇವೆಯೇ?

ಧರ್ಮಸಭೆ ವಲಸಿಗರ ವಿಷಯದಲ್ಲಿ ಬಹಳ ಹಿಂದೆಯೇ ದಾರಿ ತೋರಿಸಿದೆ. 1952ರಲ್ಲಿ ಪೋಪ್ 12ನೇ ಪಿಯೂಸ್ ಹೊರಡಿಸಿದ ದಾಖಲೆ ಈಜಿಪ್ಟಿಗೆ ಓಡಿಹೋದ ನಜರೇತಿನ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳ ಮಾದರಿ ಎಂದು ಮುಂದಿಟ್ಟಿತು. ಆ ಕುಟುಂಬ ಮರಳಿ ಬಂದದ್ದೂ ಸುವಾರ್ತೆಯಲ್ಲಿದೆ. ಜೋಸೆಫರು ಈಜಿಪ್ಟಿನಿಂದ ಏನು ದುಡಿದು ತಂದರು ಎಂಬ ಮಾತು ಮಾತ್ರ ಅಲ್ಲಿಲ್ಲ. 2018ರ ವಲಸಿಗರ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್, ವಲಸಿಗರನ್ನು ಬರಮಾಡಿಕೊಳ್ಳಬೇಕು, ರಕ್ಷಿಸಬೇಕು, ಬೆಳೆಸಬೇಕು, ನಮ್ಮವರನ್ನಾಗಿ ಮಾಡಿಕೊಳ್ಳಬೇಕು ಎಂದು ನಾಲ್ಕು ಕರ್ತವ್ಯಗಳನ್ನು ನೆನಪಿಸಿದರು. ಇದು ಪರದೇಶದಿಂದ ಬಂದ ಅಪರಿಚಿತರಿಗೆ ಅನ್ವಯಿಸುವಂತೆ, ಪರದೇಶದಿಂದ ಮರಳಿದ ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ. ನಮ್ಮ ಊರಿನ ಕಾರ್ಖಾನೆ, ಮೀನುಗಾರಿಕೆ ಬೋಟು, ಕಟ್ಟಡದ ಕೆಲಸಕ್ಕೆ ಬಂದಿರುವ ಒಡಿಶಾ, ಬಿಹಾರದ ಹುಡುಗರಿಗೂ ಅನ್ವಯಿಸುತ್ತದೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ದುಂದುಗಾರ ಮಗ ತಪ್ಪು ಮಾಡಿಯೇ ಸೋತವನು. ಅವನನ್ನೂ ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಂಡ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತಪ್ಪೇ ಮಾಡದೆ ಸೋತವರು. ಆದರೂ ನಮ್ಮೊಳಗಿನ ಹಿರಿಯ ಮಗ ಬಾಗಿಲಲ್ಲಿ ನಿಂತು ಲೆಕ್ಕ ಕೇಳುತ್ತಾನೆ.

ಏನು ಮಾಡಬಹುದು?

ಮೊದಲನೆಯದು, ಹೊರಡುವ ಮೊದಲೇ ಮನೆಯಲ್ಲಿ ಮಾತಾಗಲಿ. ಸಾಲದ ಕಾಗದಕ್ಕೆ ಸಹಿ ಹಾಕುವ ದಿನವೇ ಇನ್ನೊಂದು ಕಾಗದದಲ್ಲಿ ಮೂರು ವಿಷಯ ಬರೆದಿಡಿ. ಎಷ್ಟು ತಿಂಗಳು ಕೆಲಸ ಸಿಗದಿದ್ದರೆ ಮರಳಬೇಕು? ಆಗ ಸಾಲವನ್ನು ಹೇಗೆ ತೀರಿಸುವುದು, ಯಾವ ಆಸ್ತಿ ಮಾರಬಹುದು? ಮರಳಿದ ಮೇಲೆ ಎಲ್ಲಿ ಕೆಲಸ ನೋಡಬಹುದು? ಇದು ಅಪಶಕುನದ ಮಾತಲ್ಲ. ಉದ್ಯಮಬಾಗದ ಯಾವ ಶೆಡ್ಡಿನ ಮಾಲೀಕನೂ ಆರ್ಡರ್ ಕೈತಪ್ಪಿದರೆ ಏನು ಎಂಬ ಲೆಕ್ಕವಿಲ್ಲದೆ ಹೊಸ ಯಂತ್ರ ತರುವುದಿಲ್ಲ. ಮಗನನ್ನು ಕಳಿಸುವಾಗ ಅಷ್ಟು ಎಚ್ಚರ ಬೇಡವೇ?

ಎರಡನೆಯದು, ಸಾಲದ ವಿಷಯದಲ್ಲಿ ಬ್ಯಾಂಕಿನಿಂದ ಅಡಗಬೇಡಿ. ಕಂತು ತಪ್ಪುವ ಮೊದಲೇ ಮ್ಯಾನೇಜರರನ್ನು ಕಂಡು ಅವಧಿ ಹೆಚ್ಚಿಸಲು, ಕಂತು ಇಳಿಸಲು ಕೇಳಿ. ಮೂರು ತಿಂಗಳು ಬಾಕಿಯಾಗಿ ಖಾತೆ ಕೆಟ್ಟ ಮೇಲೆ ಹೋಗುವುದಕ್ಕಿಂತ ಇದು ಸುಲಭ. ಖಾಸಗಿಯವರಿಂದ ಹೆಚ್ಚಿನ ಬಡ್ಡಿಗೆ ತಂದು ಬ್ಯಾಂಕಿನ ಕಂತು ಕಟ್ಟುವ ದಾರಿ ಮಾತ್ರ ಹಿಡಿಯಬೇಡಿ.

ಮೂರನೆಯದು, ಧರ್ಮಕೇಂದ್ರಗಳಲ್ಲಿ ಹೋಗುವವರಿಗೂ ಬಂದವರಿಗೂ ಒಂದೇ ವೇದಿಕೆಯಿರಲಿ. ಮರಳಿ ಬಂದವರೇ ಹೊರಡುವವರಿಗೆ ಅಲ್ಲಿನ ಬಾಡಿಗೆ, ಕೆಲಸ, ಚಳಿ, ಒಂಟಿತನ ಎಲ್ಲವನ್ನೂ ತಿಳಿಸಲಿ. ಏಜೆಂಟರು ಹೇಳದ ಸತ್ಯ ಅವರಿಗೆ ಗೊತ್ತಿರುತ್ತದೆ. ಸೋತವನ ಅನುಭವವನ್ನು ಕೇಳಿಸಿಕೊಳ್ಳುವುದೇ ಅವನಿಗೆ ಕೊಡುವ ಗೌರವ. ವಾರ್ಡಿನ ಗುರಿಕಾರರು ಇಂಥ ಮನೆಗೆ ಒಮ್ಮೆ ಹೋಗಿ ಬರಲಿ. ಕೆಲಸ ಕೊಡಲಾಗದಿದ್ದರೂ ಜೊತೆಗೆ ಕೂತು ಒಂದು ಕಪ್ ಚಹಾ ಕುಡಿಯಬಹುದು.

ನಾಲ್ಕನೆಯದು, ಇರುವ ಸಹಾಯವನ್ನು ತಿಳಿದುಕೊಳ್ಳಿ. ವಿದೇಶದಲ್ಲಿ ತೊಂದರೆಗೊಳಗಾದವರು ಭಾರತ ಸರಕಾರದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಇದು 2015ರಿಂದ ಇದೆ. ಊರಿನಲ್ಲಿ ಮನಸ್ಸು ಕುಗ್ಗಿದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಆಪ್ತ ಸಲಹೆ ಉಚಿತವಾಗಿ ಸಿಗುತ್ತದೆ.

ಫೌಂಡ್ರಿಯಲ್ಲಿ ಎರಕ ಹೊಯ್ದಾಗ ಕೆಲವು ತುಂಡುಗಳು ಒಳಗೆ ಗಾಳಿ ಸೇರಿ ಕೆಟ್ಟುಹೋಗುತ್ತವೆ. ಅವನ್ನು ಯಾರೂ ಹೊರಗೆ ಎಸೆಯುವುದಿಲ್ಲ. ಮತ್ತೆ ಕುಲುಮೆಗೆ ಹಾಕುತ್ತಾರೆ, ಅದೇ ಕಬ್ಬಿಣ ಇನ್ನೊಂದು ಅಚ್ಚಿನಲ್ಲಿ ಸರಿಯಾಗಿ ಬರುತ್ತದೆ. ಕಬ್ಬಿಣಕ್ಕೆ ಕೊಡುವ ಎರಡನೆಯ ಅವಕಾಶವನ್ನು ನಮ್ಮ ಮಕ್ಕಳಿಗೆ ಕೊಡಲು ದೊಡ್ಡ ಯೋಜನೆಯೇನೂ ಬೇಡ. ಈ ವಾರ ಪರದೇಶದಲ್ಲಿರುವ ಮಗನಿಗೋ ಮಗಳಿಗೋ ಫೋನು ಮಾಡುವಾಗ ಸಂಬಳದ ವಿಷಯ ಬಿಟ್ಟು ಇಷ್ಟು ಹೇಳಿದರೆ ಸಾಕು: "ಆಗದಿದ್ದರೆ ಬಾ ಮಗಾ. ಸಾಲವನ್ನು ಎಲ್ಲರೂ ಸೇರಿ ತೀರಿಸುವಾ. ನಿನ್ನ ಕೋಣೆ ಹಾಗೇ ಇದೆ."

ಹೀಗೆ ಹೇಳಿದ ಮಾತ್ರಕ್ಕೆ ಮಕ್ಕಳು ಓಡಿ ಬರುವುದಿಲ್ಲ. ಮರಳುವ ದಾರಿ ತೆರೆದಿದೆ ಎಂದು ಗೊತ್ತಾದವನು ಅಲ್ಲಿ ಇನ್ನಷ್ಟು ಧೈರ್ಯದಿಂದ ದುಡಿಯುತ್ತಾನೆ.